ಬ್ರೆಡ್ ಅಂಗಡಿಯವಳ ಕನ್ನಡ ಅವತಾರ

ಈಗ ಟಿ.ವಿ.ಯಲ್ಲಿ ಹಳೆಯ ಹಾಲಿವುಡ್ ಚಿತ್ರಗಳನ್ನೇ ಹೊಸದಾಗಿ ತೆಗೆದು ತೋರಿಸುತ್ತಾರೆ. ನಾನು ಕಾಲೇಜಿನಲ್ಲಿದ್ದಾಗ ಕಪ್ಪು ಬಿಳುಪಿನಲ್ಲಿ ನೋಡಿದ್ದ ಕಥೆಗೆ ಬಣ್ಣ ಬಂದಿರುತ್ತದೆ, ಒಂದೇ ಬೈಠಕ್ಕಿನಲ್ಲಿ ಮುಗಿಯುತ್ತಿದ್ದದ್ದು ಕಂತು ಕಂತಾಗಿ ಎಳೆದುಕೊಂಡಿರುತ್ತದೆ, ಸತ್ತವನು ಎದ್ದು ಕೂತಿರುತ್ತಾನೆ. ತಮ್ಮನ ಮೊಮ್ಮಗಳು ಪಕ್ಕದಲ್ಲಿ ಕಾಲು ಚಾಚಿಕೊಂಡು, "ಅಜ್ಜಿ, ಹಳೇದಕ್ಕಿಂತ ಇದೇ ಚೆನ್ನಾಗಿದೆ ಅಲ್ವಾ?" ಎಂದು ಕೇಳುತ್ತಾಳೆ. ಹಳೆಯದನ್ನು ಅವಳು ನೋಡಿಯೇ ಇಲ್ಲ. ನಾನು ಸಿಡುಕಿ ಒಳಗೆ ಎದ್ದು ಹೋಗುತ್ತೇನೆ. ಅಜ್ಜಿಗೆ ವಯಸ್ಸಾಯಿತು, ಹೊಸದು ಹಿಡಿಸುವುದಿಲ್ಲ ಎಂದು ಮನೆಯವರು ಅಂದುಕೊಂಡಿದ್ದಾರೆ. ಅಂದುಕೊಳ್ಳಲಿ.

ಹೊಸದರ ಮೇಲೆ ನನಗೆ ಸಿಟ್ಟಿಲ್ಲ. ಬೇರೆಯವರ ಕಥೆಯನ್ನು ತಂದು, ಅದರ ಬೆನ್ನುಮೂಳೆ ಮುರಿದು, ಅದೇ ಕಥೆ ಎಂದು ಹೇಳುವವರ ಮೇಲೆ ಸಿಟ್ಟು. ಟಿ.ವಿ. ಎಂಬ ಮಾತೇ ಶಿವಮೊಗ್ಗದವರ ಕಿವಿಗೆ ಬಿದ್ದಿರದ ಕಾಲದಲ್ಲಿ, ಭದ್ರಾವತಿಯ ಒಂದು ನಾಟಕ ಸಂಘದವರು ಒಂದು ಹಾಲಿವುಡ್ ಚಿತ್ರವನ್ನು ಕನ್ನಡಕ್ಕೆ ತಿರುಗಿಸಿ ಆಡಿದ್ದರು. ಅದರಲ್ಲಿ ನನ್ನ ಅಕ್ಕನ ಬದುಕು ಹೋಯಿತು.

ನಮ್ಮ ಮನೆ ಇದ್ದದ್ದು ದುರ್ಗಿಗುಡಿಯಲ್ಲಿ. ಅಪ್ಪನಿಗೆ ಗಾಂಧಿ ಬಜಾರಿನಲ್ಲಿ ಬಟ್ಟೆ ಅಂಗಡಿ. ಅಕ್ಕನನ್ನು ಭದ್ರಾವತಿಯ ಕಾರ್ಖಾನೆಯೊಂದರ ಗುಮಾಸ್ತನಿಗೆ ಕೊಟ್ಟಿದ್ದರು. ಸಂಬಂಧ ತಂದವರು ದೊಡ್ಡಪ್ಪ, ಅಪ್ಪನ ಅಣ್ಣ. ದೊಡ್ಡಪ್ಪ ತಂದ ಸಂಬಂಧ ಎಂದ ಮೇಲೆ ಅದು ಕೆಟ್ಟದ್ದಾಗಿರುವಂತೆಯೇ ಇರಲಿಲ್ಲ. ಅದು ಕೆಟ್ಟದ್ದು ಎಂದರೆ ದೊಡ್ಡಪ್ಪನ ಮಾತೂ ಕೆಟ್ಟದ್ದಾಗುತ್ತಿತ್ತಲ್ಲ! ಭಾವನನ್ನು ಆಗ "ಅವರು, ಇವರು" ಎಂದು ಮರ್ಯಾದೆ ಕೊಟ್ಟು ಕರೆದದ್ದು ಸಾಕು. ಇಲ್ಲಿ ಏಕವಚನದಲ್ಲೇ ಬರೆಯುತ್ತೇನೆ. ಭಾವ ನೋಡಲು ಲಕ್ಷಣವಾಗಿದ್ದ. ತೆಳ್ಳನೆಯ ಮೈ, ಒಳ್ಳೆಯ ಕಂಠ, ಹಣೆಯ ತುಂಬ ವಿಭೂತಿ. ಲಿಂಗಪೂಜೆ ಮಾಡದೆ ಒಂದು ಲೋಟ ನೀರೂ ಕುಡಿಯುತ್ತಿರಲಿಲ್ಲ. ಹೆಂಡ ಮುಟ್ಟಿದವನಲ್ಲ, ಬೀಡಿ ಸೇದಿದವನಲ್ಲ. ನಮ್ಮ ಕಷ್ಟ ಅದೇ. ಕುಡುಕನಾಗಿದ್ದರೆ ಕುಡಿದು ಹೊಡೆಯುತ್ತಾನೆ ಎಂದು ಊರಿಗೆ ಹೇಳಬಹುದಿತ್ತು. ಇವನು ಪೂಜೆ ಮುಗಿಸಿ, ಊಟಕ್ಕೆ ಕೂತು, ಸಾರಿನಲ್ಲಿ ಉಪ್ಪು ಹೆಚ್ಚಾಗಿದೆ ಎಂದು ಎದ್ದು ಬಂದು ಹೊಡೆಯುತ್ತಿದ್ದ. ಹೊಡೆದು ಕೈ ತೊಳೆದುಕೊಂಡು ಮತ್ತೆ ಊಟಕ್ಕೆ ಕೂರುತ್ತಿದ್ದ.

ಅಕ್ಕ ಒಂದು ದಿನ ಉಟ್ಟ ಸೀರೆಯಲ್ಲೇ ಬಸ್ಸು ಹತ್ತಿ ಮನೆಗೆ ಬಂದಳು. ಪೆಟ್ಟಿಗೆ, ಪಾತ್ರೆ, ಮದುವೆಯ ಸೀರೆಗಳು ಎಲ್ಲ ಭದ್ರಾವತಿಯ ಕಾಗದನಗರದಲ್ಲಿ ಗಂಡನ ಕ್ವಾರ್ಟರ್ಸಿನಲ್ಲೇ ಉಳಿದವು. ಎಡಗೈ ಬಳೆ ಒಡೆದು ಮಣಿಕಟ್ಟಿಗೆ ಹೊಕ್ಕಿತ್ತು. ಗಾಯ ಮಾದ ಮೇಲೂ ಆ ಕೈಯನ್ನು ಸೆರಗಿನೊಳಗೆ ಎಳೆದುಕೊಳ್ಳುವುದು ಅವಳಿಗೆ ರೂಢಿಯಾಗಿ ಹೋಯಿತು. ಬಂದವರು ಯಾರಾದರೂ "ಎಷ್ಟ್ ದಿನ ಇರ್ತೀಯವ್ವಾ?" ಎಂದು ಕೇಳಿದರೆ ಸಾಕು, ಕೈ ತಾನಾಗಿ ಸೆರಗಿನೊಳಕ್ಕೆ ಹೋಗುತ್ತಿತ್ತು. ನಡುಮನೆಯ ಮೂಲೆಯಲ್ಲಿ ಕೂರುತ್ತಿದ್ದಳು. ಮಾತಿಲ್ಲ, ಊಟ ಅರೆಬರೆ. ದೊಡ್ಡಪ್ಪ ವಾರಕ್ಕೊಮ್ಮೆ, ಕೆಲವೊಮ್ಮೆ ರಾಜಿಗೆಂದು ಭಾವನನ್ನೂ ಕರೆದುಕೊಂಡು ಬಂದು, "ಗಂಡ ಹೆಂಡ್ತಿ ಜಗಳ ಉಂಡು ಮಲಗೋ ತನಕ" ಎಂದು ಗಾದೆ ಹೇಳಿ ಕಾಫಿ ಕುಡಿದು ಹೋಗುತ್ತಿದ್ದರು. ಉಣ್ಣುವಾಗಲೇ ಜಗಳ ಶುರುವಾಗುವ ಮನೆಗೆ ಈ ಗಾದೆ ಯಾವ ಉಪಯೋಗಕ್ಕೆ ಎಂದು ನಾನು ಒಮ್ಮೆ ಕೇಳಿ ಬೈಸಿಕೊಂಡೆ.

ಅಮ್ಮನೇ ಒಂದು ಭಾನುವಾರ, "ಇವಳನ್ನ ಎಲ್ಲಾದ್ರೂ ಕರ್ಕೊಂಡ್ ಹೋಗೇ. ಹಿಂಗೇ ಕೂತ್ರೆ ಹುಚ್ ಹಿಡಿಯುತ್ತೆ" ಎಂದಳು. ನಾನು ಟಾಕೀಸಿಗೆ ಹೋಗುತ್ತೇವೆಂದೆ. ಭಾನುವಾರ ಬೆಳಿಗ್ಗೆ ಇಂಗ್ಲಿಷ್ ಚಿತ್ರ ಹಾಕುತ್ತಿದ್ದರು. ಕನ್ನಡ ಚಿತ್ರವಾಗಿದ್ದರೆ ಅಮ್ಮ ಕಥೆ ಏನು, ಎಂಥದ್ದು ಎಂದು ನೂರು ಪ್ರಶ್ನೆ ಕೇಳುತ್ತಿದ್ದಳು. "ಇಂಗ್ಲಿಷ್ ತಾನೇ? ಅರ್ಥವೇ ಆಗಲ್ಲ, ಅದ್ರಿಂದ ಕೆಡೋದೇನು" ಎಂದು ಕಳಿಸಿಕೊಟ್ಟಳು.

ಆ ಚಿತ್ರದ ಹೆಸರು ನನಗೆ ನೆನಪಿಲ್ಲ. ಪೋಸ್ಟರಿನಲ್ಲಿ ಹೆಸರಿಗಿಂತ ನಾಯಕಿಯ ತುಟಿಯೇ ದೊಡ್ಡದಿತ್ತು. ಕಥೆ ಮಾತ್ರ ಅಚ್ಚು ಒತ್ತಿದಂತಿದೆ. ರೈಲ್ವೆ ಸ್ಟೇಷನ್ನಿನ ಪಕ್ಕದಲ್ಲಿ ಒಬ್ಬ ಹೆಂಗಸು ಬ್ರೆಡ್ ಅಂಗಡಿ ಇಟ್ಟುಕೊಂಡಿರುತ್ತಾಳೆ. ಗಂಡನ ಹೊಡೆತ ತಾಳಲಾರದೆ ಬಂದವಳು. ಹಿಟ್ಟು ನಾದುವುದು, ಒಲೆಗೆ ಸೌದೆ ಒಟ್ಟುವುದು, ರೈಲಿಳಿದವರಿಗೆ ಬ್ರೆಡ್ ಮಾರುವುದು, ಇದೇ ಅರ್ಧ ಚಿತ್ರ. ಕೊನೆಗೆ ಗಂಡ ಹುಡುಕಿಕೊಂಡು ಬರುತ್ತಾನೆ. ಹ್ಯಾಟು ಕೈಯಲ್ಲಿ ಹಿಡಿದುಕೊಂಡು ಬಾಗಿಲಲ್ಲಿ ನಿಂತು ಅಳುತ್ತಾನೆ, ಬಾ ಎಂದು ಬೇಡುತ್ತಾನೆ. ಅವಳು ಎಲ್ಲವನ್ನೂ ಕೇಳಿಸಿಕೊಂಡು, ಒಂದು ಬ್ರೆಡ್ಡನ್ನು ಕಾಗದದಲ್ಲಿ ಸುತ್ತಿ ಅವನ ಕೈಗಿಟ್ಟು, ಒಂದು ಮಾತು ಹೇಳಿ ಬಾಗಿಲು ಹಾಕುತ್ತಾಳೆ. ಮತ್ತೆ ಹೋಗಿ ಹಿಟ್ಟು ನಾದುತ್ತಾಳೆ. ಚಿತ್ರ ಮುಗಿಯಿತು. ಅಪ್ಪುಗೆ, ಮುತ್ತು ಇರುತ್ತದೆಂದು ಕಾದಿದ್ದ ಕಾಲೇಜು ಹುಡುಗರು ಮೋಸವಾಯಿತೆಂದು ಶಿಳ್ಳೆ ಹೊಡೆದರು.

ಅಕ್ಕನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಉದ್ದಕ್ಕೂ ನಾನು ಅವಳ ಕಿವಿಯಲ್ಲಿ ಕನ್ನಡ ಹೇಳುತ್ತಿದ್ದೆ. ಬಾಗಿಲು ಹಾಕಿದಾಗ ಅವಳು ನನ್ನ ತೋಳು ಹಿಡಿದುಕೊಂಡು ಕೇಳಿದಳು.

"ಏನಂದ್ಲೇ? ಕೊನೇಲಿ ಏನಂದ್ಲು?"

"ರೈಲಿಗೆ ಹೊತ್ತಾಯ್ತು ಅಂದ್ಲು ಅಕ್ಕ."

"ಅಷ್ಟೇನಾ?"

"ಅಷ್ಟೇ."

ಮನೆ ಹತ್ತಿರ ಬಂದಾಗ, "ಅವ್ಳು ಬೈಲೇ ಇಲ್ಲ ನೋಡು. ಅಳ್ಲೂ ಇಲ್ಲ. ಬಾಗ್ಲು ಹಾಕೋದು ಅಷ್ಟ್ ಸುಲಭನಾ?" ಎಂದಳು. ನಾನು ಏನು ಹೇಳಲಿ? ಹದಿನೇಳರ ಹುಡುಗಿ, ಎಲ್ಲವೂ ಸುಲಭ ಅಂದುಕೊಂಡಿದ್ದವಳು. ಸುಲಭ ಅಂದೆ. ಅವತ್ತು ಮಧ್ಯಾಹ್ನ ಅಕ್ಕ ಕೇಳಿ ಎರಡನೆಯ ಸಲ ಅನ್ನ ಹಾಕಿಸಿಕೊಂಡಳು.

ಮುಂದಿನ ಸಲ ದೊಡ್ಡಪ್ಪ ಗಾದೆ ಹೇಳಲು ಬಂದಾಗ ಅಕ್ಕ ಮೂಲೆಯಿಂದ ಎದ್ದು ಬಂದಳು. "ನಾನು ಹೋಗಲ್ಲ ದೊಡ್ಡಪ್ಪ. ಇಲ್ಲೇ ಹೊಲಿಗೆ ಮಾಡ್ಕೊಂಡಿರ್ತೀನಿ" ಎಂದಳು. ದನಿ ಏರಿಸಲಿಲ್ಲ. ದೊಡ್ಡಪ್ಪನ ಕಾಫಿ ಅರ್ಧದಲ್ಲೇ ನಿಂತಿತು. ಅಪ್ಪನಿಗೆ ಗಾಬರಿ, ಅಮ್ಮನಿಗೆ ಅಳು. ಆದರೂ ಹೊಲಿಗೆ ಮೆಷಿನ್ನು ಮನೆಯ ಜಗುಲಿಗೆ ಬಂತು. ಅಂಗಡಿಯಲ್ಲಿ ಸೀರೆ ಕೊಂಡವರು ರವಿಕೆ ಎಲ್ಲಿ ಹೊಲಿಸುವುದು ಎಂದು ಕೇಳಿದರೆ ಅಪ್ಪ ಮೊದಮೊದಲು ಸುಮ್ಮನಿದ್ದ, ಆಮೇಲೆ ತಾನೇ ಮನೆಯ ದಾರಿ ತೋರಿಸತೊಡಗಿದ. ಅಕ್ಕನ ಹೊಲಿಗೆ ಅಷ್ಟು ಚೊಕ್ಕಟವಾಗಿತ್ತು. ಜಗುಲಿಯಲ್ಲಿ ಹೆಂಗಸರು ಕೂರುವುದು, ಅಳತೆ ಕೊಡುವುದು, ನಗುವುದು ಶುರುವಾಯಿತು. ಅಕ್ಕನೂ ನಗುತ್ತಿದ್ದಳು. ಎಡಗೈ ಬಟ್ಟೆಯನ್ನು ಸೂಜಿಯ ಕೆಳಗೆ ತಳ್ಳಬೇಕಾದ್ದರಿಂದ ಸೆರಗಿನೊಳಗೆ ಹೋಗಲು ಅದಕ್ಕೆ ಬಿಡುವಿರಲಿಲ್ಲ. ಯಾರಾದರೂ ರವಿಕೆ ಬೇಗ ಬೇಕೆಂದು ಪೀಡಿಸಿದರೆ ನನ್ನ ಕಡೆ ನೋಡಿ, "ರೈಲಿಗೆ ಹೊತ್ತಾಯ್ತು ಅಂತ ಹೇಳೇ ಇವ್ರಿಗೆ" ಎನ್ನುತ್ತಿದ್ದಳು. ಆ ತಮಾಷೆ ನಮ್ಮಿಬ್ಬರಿಗೇ ಗೊತ್ತಿತ್ತು.

ಆ ಚಿತ್ರದ ರೀಲಿನ ಡಬ್ಬಿಗಳು ಇಲ್ಲಿಂದ ಭದ್ರಾವತಿಗೆ ಹೋದವು. ಅಕ್ಕ ಅದನ್ನು ನೋಡಿ ಬಂದ ಸುದ್ದಿ ದೊಡ್ಡಪ್ಪನಿಂದ ಕೇಳಿದ್ದ ಭಾವ ಅಲ್ಲಿ ಅದನ್ನು ನೋಡಿದ. ಕ್ವಾರ್ಟರ್ಸಿನ ಗಂಡಸರು ಕೂಡಿ ಕಟ್ಟಿಕೊಂಡಿದ್ದ ನಾಟಕ ಸಂಘದಲ್ಲಿ ಭಾವ ಸ್ತ್ರೀಪಾತ್ರಕ್ಕೆ ಹೆಸರಾದವನು. ಮರ್ಯಾದಸ್ಥರ ಮನೆಯ ಹೆಣ್ಣುಮಕ್ಕಳು ರಂಗದ ಮೇಲೆ ಬರುವಂತಿರಲಿಲ್ಲ. ಹಾಗಾಗಿ ಮರ್ಯಾದಸ್ಥರ ಮನೆಯ ಗಂಡಸರು ಸೀರೆ ಉಡುತ್ತಿದ್ದರು. ಆ ವರ್ಷದ ನಾಟಕಕ್ಕೆ ಈ ಇಂಗ್ಲಿಷ್ ಕಥೆಯೇ ಆಗಲಿ ಎಂದು ಅವನೇ ಸಂಘಕ್ಕೆ ಹೇಳಿದನಂತೆ. ಇದನ್ನು ನಮಗೆ ಬಂದು ಹೇಳಿದವರು ದೊಡ್ಡಪ್ಪ. "ಮನೆಮಂದಿಯೆಲ್ಲ ಬರ್ಬೇಕಂತೆ, ಮುಂದಿನ ಕುರ್ಚಿ ಇಟ್ಟಿರ್ತಾನಂತೆ. ಅವ್ನ ಮನಸ್ಸು ಕರಗಿದೆ ಮಾರಾಯಾ, ಇಲ್ದಿದ್ರೆ ಆ ಕಥೆ ಯಾಕೆ ಹಿಡೀತಿದ್ದ?" ಎಂದು ಅಪ್ಪನ ಹತ್ತಿರ ಪಿಸುಗುಟ್ಟಿದರು. ಅಕ್ಕ ಬರುವುದಿಲ್ಲ ಎಂದುಕೊಂಡಿದ್ದೆ. ಕಥೆ ಯಾವುದೆಂದು ತಿಳಿದ ಮೇಲೆ ಅವಳೇ ಹೊರಟಳು. "ಅವ್ರೇ ಆ ಬಾಗ್ಲು ಹಾಕ್ಬೇಕಲ್ಲ, ನೋಡೋಣ" ಎಂದಳು.

ರಾತ್ರಿ ಪಾಳಿಯವರೂ ನೋಡಲಿ ಎಂದು ನಾಟಕವನ್ನು ಮಧ್ಯಾಹ್ನ ಇಟ್ಟಿದ್ದರು. ತಗಡಿನ ಚಾವಣಿಯ ಸಭಾಂಗಣ, ಒಳಗೆ ಸೆಕೆ. ಹಿಂದಿನ ಬೆಂಚುಗಳಲ್ಲಿ ತಮಿಳು, ತೆಲುಗು, ಕನ್ನಡ ಮೂರೂ ಗಲಗಲ. ಮುಂದಿನ ಸಾಲಿನಲ್ಲಿ ದೊಡ್ಡಪ್ಪ, ಅಪ್ಪ, ಅಮ್ಮ, ಅಕ್ಕ, ನಾನು. ಚಿಕ್ಕ ತಮ್ಮನನ್ನು ಪಕ್ಕದ ಮನೆಯಲ್ಲಿ ಬಿಟ್ಟು ಬಂದಿದ್ದೆವು. ಸಂಘದ ಕಾರ್ಯದರ್ಶಿ ಮೈಕು ಹಿಡಿದು, ಹಾಲಿವುಡ್ ಚಿತ್ರವನ್ನು ನಮ್ಮ ಸಂಸ್ಕೃತಿಗೆ ಒಗ್ಗುವಂತೆ ಅಳವಡಿಸಿದ್ದೇವೆ ಎಂದ. ಒಗ್ಗರಣೆ ಹಾಕಿದ್ದೇವೆ ಎಂದಿದ್ದರೆ ಸರಿಯಾಗುತ್ತಿತ್ತು.

ಸ್ಟೇಷನ್ನು ದೇವಸ್ಥಾನವಾಗಿತ್ತು. ಕುಲೀನ ಹೆಣ್ಣು ಬ್ರೆಡ್ ಮಾರುವುದುಂಟೇ ಎಂದು ಬ್ರೆಡ್ ಅಂಗಡಿ ಹೂವಿನ ಅಂಗಡಿಯಾಗಿತ್ತು. ನಗಿಸಲು ಒಬ್ಬ ತೊದಲುವ ಆಳು ಸೇರಿದ್ದ. ಅದೆಲ್ಲ ಹೋಗಲಿ. ಹೊಡೆತವೇ ಇರಲಿಲ್ಲ! ಗಂಡ ದೇವರಂಥವನು. ಪಕ್ಕದ ಮನೆಯ ಚಾಡಿಕೋರಿಯ ಮಾತು ಕೇಳಿ ಹೆಂಡತಿಯೇ ತಪ್ಪು ತಿಳಿದು ಮನೆ ಬಿಟ್ಟು ಬಂದಿದ್ದಳು. ಇಡೀ ಇಂಗ್ಲಿಷ್ ಚಿತ್ರವನ್ನು ಹೊತ್ತು ನಿಂತಿದ್ದ ಕಂಬವನ್ನೇ ಕಿತ್ತು, ಆ ಜಾಗಕ್ಕೆ ಒಬ್ಬ ಚಾಡಿಕೋರಿಯನ್ನು ನೆಟ್ಟಿದ್ದರು.

ಭಾವ ರಂಗಕ್ಕೆ ಬಂದಾಗ ನಾನು ಮೊದಲು ನೋಡಿದ್ದು ಸೀರೆಯನ್ನು. ನವಿಲು ಬಣ್ಣದ, ಕೆಂಪು ಅಂಚಿನ ಇಳಕಲ್ ಸೀರೆ. ಅಕ್ಕನ ಪೆಟ್ಟಿಗೆಯಲ್ಲಿ ಉಳಿದಿದ್ದದ್ದು. ಅಕ್ಕ ನೋಡಿದಳು, ಅಮ್ಮ ನೋಡಿದಳು. ಅಪ್ಪನೂ ಗುರುತು ಹಿಡಿದ. ಮಗಳ ಸೀರೆ ಉಟ್ಟುಕೊಂಡು ಅವಳನ್ನು ಹೊಡೆದವನು ಹೆಣ್ಣಾಗಿ ನಿಂತಿದ್ದಾನೆ. ನನ್ನ ಅಪ್ಪ ಹೇಳಿದ್ದೇನು ಗೊತ್ತೇ? "ನಮ್ಮಂಗ್ಡಿ ಮಾಲು. ಬಣ್ಣ ಚೂರೂ ಬಿಟ್ಟಿಲ್ಲ ನೋಡು" ಎಂದ. ದೊಡ್ಡಪ್ಪ ಹೌದೌದು ಎಂದರು.

ಅವನು ಚೆನ್ನಾಗಿ ಮಾಡಿದ. ಸುಳ್ಳು ಹೇಳಲಾರೆ. ಹೂ ಕಟ್ಟುತ್ತ ಹಾಡಿದಾಗ ಹಿಂದಿನ ಬೆಂಚಿನ ಗಲಾಟೆ ನಿಂತಿತು. ಒಂದು ಸನ್ನಿವೇಶದಲ್ಲಿ ಅತ್ತಿಗೆ ಬಂದು, ಎಷ್ಟು ದಿನ ಇರುತ್ತೀಯಮ್ಮಾ ಇಲ್ಲಿ ಎಂದು ಕೇಳುತ್ತಾಳೆ. ಭಾವ ಉತ್ತರ ಕೊಡಲಿಲ್ಲ. ಎಡಗೈಯನ್ನು ಮೆಲ್ಲಗೆ ಸೆರಗಿನೊಳಗೆ ಎಳೆದುಕೊಂಡ. ನಮ್ಮ ಮನೆಗೆ ರಾಜಿ ಮಾತಿಗೆಂದು ಬಂದಾಗಲೆಲ್ಲ ಎದುರಿಗೆ ಕೂತು ಅವನು ನೋಡಿದ್ದದ್ದು ಅದನ್ನು. ಬೇರೆ ಏನನ್ನೂ ಅಲ್ಲ, ಅದನ್ನು ಕಲಿತುಕೊಂಡು ಹೋಗಿದ್ದ. ನಮ್ಮ ಹಿಂದೆ ಕೂತ ಹೆಂಗಸು ಮೂಗು ಒರೆಸಿಕೊಳ್ಳುತ್ತ, "ಹೆಣ್ಣಿನ್ ಸಂಕ್ಟ ಎಷ್ಟ್ ಚೆನ್ನಾಗ್ ಗೊತ್ತು ನೋಡ್ರೀ ಇವ್ರಿಗೆ" ಎಂದಳು. ಗೊತ್ತಿಲ್ಲದೆ ಏನು, ಕೊಟ್ಟವನಿಗೆ ಗೊತ್ತಿರುವುದಿಲ್ಲವೇ? ನಾನು ಪಕ್ಕಕ್ಕೆ ತಿರುಗಿದೆ. ಅಕ್ಕನ ಎಡಗೈ ಸೆರಗಿನೊಳಗೆ ಹೋಗಿತ್ತು.

ಬಾಗಿಲು ಹಾಕುವ ಸನ್ನಿವೇಶ ಬಂತು. ಗಂಡನ ಪಾತ್ರದವನು ಬಂದು ನಿಂತ. ಅಳಲಿಲ್ಲ, ಬೇಡಲಿಲ್ಲ, ಗಂಭೀರವಾಗಿ ನಿಂತ. ಭಾವ ಹೂಬುಟ್ಟಿ ಕೈಬಿಟ್ಟು, ದೇವಸ್ಥಾನದ ಗಂಟೆ ಢಣ್ ಎನ್ನುತ್ತಿದ್ದಂತೆ ಓಡಿಹೋಗಿ ಅವನ ಕಾಲಿನ ಮೇಲೆ ಬಿದ್ದ. "ತಪ್ಪಾಯ್ತು, ಮನೆಗೆ ಕರೆದುಕೊಂಡು ಹೋಗಿ" ಎಂದು ಬಿಕ್ಕಿದ. ನಿಜವಾದ ಕಣ್ಣೀರು, ಬಣ್ಣದ ಮೇಲೆ ಗೆರೆ ಎಳೆಯುತ್ತ ಇಳಿಯಿತು. ಸಭಾಂಗಣವೇ ಎದ್ದು ಚಪ್ಪಾಳೆ ತಟ್ಟಿತು. ಅಮ್ಮ ಅಳುತ್ತಿದ್ದಳು.

ಅಲ್ಲಿಗೇ ಮುಗಿದಿದ್ದರೂ ನಾವು ಬೈದುಕೊಂಡು ಬಸ್ಸು ಹತ್ತುತ್ತಿದ್ದೆವು. ಆ ಸಂಘದಲ್ಲಿ ಒಂದು ಪದ್ಧತಿ. ಒಡೆದ ಮನೆಯ ಮೇಲೆ ಪರದೆ ಬೀಳಿಸಬಾರದು ಎಂದು ಅವರ ನಂಬಿಕೆ. ನಾಟಕ ಯಾವುದೇ ಇರಲಿ, ಕೊನೆಗೆ ಗಂಡ ಹೆಂಡತಿಯ ಪಾತ್ರದವರನ್ನು ಜೋಡಿಯಾಗಿ ನಿಲ್ಲಿಸಿ, ಮಂಗಳ ಹಾಡಿ, ಸಭೆಯಿಂದ ಒಬ್ಬ ಮುತ್ತೈದೆಯನ್ನು ಕರೆದು ಆರತಿ ಎತ್ತಿಸುತ್ತಿದ್ದರು. ಕಾರ್ಯದರ್ಶಿ ಮೈಕಿನಲ್ಲಿ, "ಇಂದು ಆರತಿ ಎತ್ತಲು ನಮ್ಮ ನೆಚ್ಚಿನ ನಟರ ಧರ್ಮಪತ್ನಿಯವರೇ ಬಂದಿದ್ದಾರೆ, ವೇದಿಕೆಗೆ ಬರಬೇಕು" ಎಂದ. ದೊಡ್ಡಪ್ಪ ಹಿಂದಕ್ಕೆ ತಿರುಗಿ ಜನರಿಗೆ ಕೈಯಾಡಿಸಿ ಅಕ್ಕನನ್ನು ತೋರಿಸಿದರು. ಅವರಿಗೆ ಮೊದಲೇ ಗೊತ್ತಿತ್ತು.

"ಬೇಡ ಅಕ್ಕ" ಎಂದು ಅವಳ ಸೆರಗು ಹಿಡಿದೆ.

ಅಮ್ಮ ನನ್ನ ಕೈ ಬಿಡಿಸಿದಳು. "ಎದ್ದೇಳೇ. ಆರತಿ ಅಂದ್ರೆ ಒಲ್ಲೆ ಅನ್ಬಾರ್ದು, ಗಂಡನ್ ಆಯಸ್ಸಿಗೆ ಆಗಲ್ಲ."

ಆರತಿ ತಟ್ಟೆ ಆಗಲೇ ಹೊತ್ತಿಸಿಯಾಗಿತ್ತು. ಅದನ್ನು ಹಿಡಿದುಕೊಂಡು ಒಬ್ಬರು ಮೆಟ್ಟಿಲ ಹತ್ತಿರ ನಿಂತಿದ್ದರು. ಉರಿಯುವ ಆರತಿಯನ್ನು ಕಾಯಿಸುವ ಹೆಣ್ಣು ನಮ್ಮಲ್ಲಿ ಹುಟ್ಟಿಲ್ಲ. ಅಕ್ಕ ಎದ್ದು ಹೋದಳು. ತನ್ನ ಸೀರೆ ಉಟ್ಟುಕೊಂಡು, ತನ್ನ ಹಾಗೆ ಕುಂಕುಮ ಇಟ್ಟುಕೊಂಡು, ತನ್ನ ಕಣ್ಣೀರು ಸುರಿಸುತ್ತ ನಿಂತಿದ್ದ ಗಂಡನಿಗೆ ಆರತಿ ಎತ್ತಿದಳು. ಜನಕ್ಕೆ ಇನ್ನೂ ಖುಷಿಯಾಯಿತು.

ಪರದೆ ಬಿದ್ದ ಮೇಲೆ ಬಣ್ಣದ ಕೋಣೆಯ ಮುಂದೆ ನಿಂತೆವು. ಭಾವ ಅರ್ಧ ಬಣ್ಣ ಒರೆಸಿಕೊಂಡು, ಸೀರೆಯಲ್ಲೇ ಬಂದು ಹಿರಿಯರ ಕಾಲಿಗೆ ನಮಸ್ಕಾರ ಮಾಡಿದ. ದೊಡ್ಡಪ್ಪ ಗೆದ್ದವರ ಗತ್ತಿನಲ್ಲಿ, "ಮುಗೀತಲ್ಲ! ಇಷ್ಟ್ ಜನರ ಎದ್ರಿಗೆ ಗಂಡಂಗೆ ಆರತಿ ಎತ್ತಿದ್ಮೇಲೆ ಇನ್ನೆಂಥ ಮುನಿಸು?" ಎಂದರು.

"ನಾನು ನಾಟಕಕ್ಕೆ ಎತ್ತಿದ್ದು ದೊಡ್ಡಪ್ಪ" ಎಂದಳು ಅಕ್ಕ.

"ಆರತೀಲಿ ನಾಟಕದ್ದು, ನಿಜದ್ದು ಅಂತ ಇರ್ತದೇನೇ ಮಾರಾಯ್ತಿ? ಗಂಡಸು ಸೀರೆ ಉಟ್ಕೊಂಡು ಕಾಲಿಗ್ ಬಿದ್ದು ಅತ್ತ. ಇನ್ನೇನ್ ಬೇಕು ನಿಂಗೆ?"

"ಅವ್ರು ನನ್ ಕಾಲಿಗ್ ಬೀಳ್ಲಿಲ್ಲ."

ಸರಿಯಾದ ಮಾತು. ಅಮ್ಮ, "ಬಿಡೇ, ಜನ ನೋಡ್ತಿದಾರೆ" ಎಂದಳು. ನೋಡುತ್ತಿದ್ದ ಜನ ಇವಳ ಸುತ್ತ ಸೇರಿ, ನಿಮ್ಮ ಯಜಮಾನರು ಎಂಥ ನಟ, ಎಂಥ ಮನಸ್ಸು ಎಂದು ಹೊಗಳತೊಡಗಿದರು. ನಾನು ಕೂಗಾಡಿದೆ, ದೊಡ್ಡಪ್ಪನನ್ನು ಮೋಸಗಾರ ಎಂದೆ. ಅಪ್ಪ ನನ್ನನ್ನು ರಟ್ಟೆ ಹಿಡಿದು ಹೊರಗೆ ಎಳೆದುಕೊಂಡು ಬಂದ. ಅಕ್ಕನನ್ನು ಅಲ್ಲೇ ಬಿಟ್ಟು ಬಸ್ಸು ಹತ್ತಿದೆವು.

ಬಸ್ಸಿನಲ್ಲಿ ಅಪ್ಪನಿಗೆ ಹೇಳಿದೆ. "ಆ ಕಥೆ ಹಂಗಿಲ್ಲ ಅಪ್ಪಾಜಿ. ಅವಳು ಬಾಗ್ಲು ಹಾಕ್ತಾಳೆ."

"ಅದು ಅವ್ರ ದೇಶದ್ದು. ನಮ್ಗೆ ಇದೇ ಸರಿ."

"ಹಂಗಾದ್ರೆ ಅವ್ರ ಕಥೆ ಯಾಕೆ ತಂದ್ರು? ನಮ್ದೇ ಮಾಡ್ಬೋದಿತ್ತಲ್ಲ?"

ಆ ಪ್ರಶ್ನೆಗೆ ಉತ್ತರ ನನಗೆ ಆಮೇಲೆ ತಿಳಿಯಿತು. ನಮ್ಮದೇ ಕಥೆಯಾಗಿದ್ದರೆ ಅಕ್ಕ ಬರುತ್ತಿರಲಿಲ್ಲ.

ಮೆಷಿನ್ನಿನ ಮೇಲೆ ಅಮ್ಮ ಹಳೆಯ ಪಂಚೆ ಹೊದಿಸಿದಳು. ಸ್ವಲ್ಪ ದಿನ ಹೆಂಗಸರು ರವಿಕೆ ಬಟ್ಟೆ ಹಿಡಿದು ಬಂದು ಕೇಳಿ ಹೋಗುತ್ತಿದ್ದರು. ನನ್ನ ಓದು ಮುಗಿಯಿತು, ಶಾಲೆಯಲ್ಲಿ ಇಂಗ್ಲಿಷ್ ಟೀಚರಾದೆ. ದೊಡ್ಡಪ್ಪ ನನಗೂ ಒಂದು ಸಂಬಂಧ ತಂದರು. ಬಂದವರಿಗೆ ಕಾಫಿ ಕೊಟ್ಟು ಒಲ್ಲೆ ಎಂದೆ, ಇವತ್ತಿನವರೆಗೂ ಒಲ್ಲೆ. ಭಾವನ ಆ ನಾಟಕವನ್ನು ಜನ ಮತ್ತೆ ಮತ್ತೆ ಆಡಿಸಿದರು. ಪ್ರತಿ ಸಲವೂ ಅಕ್ಕನೇ ಆರತಿ ಎತ್ತಬೇಕಾಗಿತ್ತು, ಅದೂ ನಾಟಕದ ಒಂದು ಭಾಗವೇ ಆಗಿಹೋಯಿತು. ಇಂಗ್ಲಿಷ್ ಚಿತ್ರ ಮಾತ್ರ ನಮ್ಮ ಕಡೆಗೆ ಮತ್ತೆ ಬರಲಿಲ್ಲ.

ಅರವತ್ತರ ದಶಕ ಮುಗಿಯುತ್ತ ಬಂದಿದ್ದಾಗ ಒಂದು ರಜೆಯಲ್ಲಿ ಅವಳ ಕ್ವಾರ್ಟರ್ಸಿಗೆ ಹೋಗಿದ್ದೆ. ಅವಳು ಹಿತ್ತಲ ಕಟ್ಟೆಯ ಮೇಲೆ ಕೂತು ಹುರುಳಿಕಾಯಿ ಸೋಸುತ್ತಿದ್ದಳು. ಹಣೆಯ ಅಂಚಿನಲ್ಲಿ ಹೊಸ ಗಾಯದ ಗುರುತು. ಅವಳನ್ನು ಒಂದು ದಿನಕ್ಕಾದರೂ ಅಲ್ಲಿಂದ ಎಬ್ಬಿಸಬೇಕು ಅನ್ನಿಸಿ, ಭಾನುವಾರ ಒಂದು ಇಂಗ್ಲಿಷ್ ಚಿತ್ರ ಬರುತ್ತಿದೆ, ಶಿವಮೊಗ್ಗಕ್ಕೆ ಬಾ ಎಂದೆ.

"ಆಗ ಹೋಗಿದ್ವಲ್ಲ, ಅದು ಎಷ್ಟ್ ಚೆನ್ನಾಗಿತ್ತು ಕಣೇ" ಎಂದಳು. ಮುಖ ಅರಳಿತು. ಅವಳಿಗೆ ನೆನಪಿದೆಯಲ್ಲ ಎಂದು ಹಿಗ್ಗಿದೆ. "ಆ ಬ್ರೆಡ್ ಅಂಗ್ಡಿಯವ್ಳು. ಕೊನೇಲಿ ಗಂಡನ್ ಕಾಲಿಗ್ ಬೀಳ್ತಾಳಲ್ಲ, ಅಲ್ಲಿ ನಂಗೆ ಅಳು ತಡ್ಯಕ್ಕಾಗ್ಲಿಲ್ಲ" ಎಂದಳು.

"ಅದು ನಾಟಕದಲ್ಲಿ ಅಕ್ಕ. ಸಿನಿಮಾದಲ್ಲಿ ಬಾಗ್ಲು ಹಾಕ್ತಾಳೆ. ರೈಲಿಗೆ ಹೊತ್ತಾಯ್ತು ಅಂದು ಬಾಗ್ಲು ಹಾಕ್ತಾಳೆ."

ಅಕ್ಕ ಹುರುಳಿಕಾಯಿಯ ನಾರು ತೆಗೆಯುತ್ತ ಸ್ವಲ್ಪ ಹೊತ್ತು ಯೋಚಿಸಿದಳು. ನಿಜವಾಗಿಯೂ ಯೋಚಿಸಿದಳು.

"ಇಲ್ವೇ. ನೀನೇ ಪಕ್ಕದಲ್ಲಿ ಕೂತು ಹೇಳ್ತಿದ್ಯಲ್ಲ. ಏನಂದ್ಲು ಅಂತ ನಾನು ಕೇಳ್ದೆ. 'ತಪ್ಪಾಯ್ತು' ಅಂದ್ಲು ಅಂತ ನೀನೇ ಹೇಳಿದ್ದು."

"ನಾನು ಹಂಗ್ ಹೇಳ್ಲೇ ಇಲ್ಲ ಅಕ್ಕ!"

"ಸುಮ್ನಿರೇ, ನಾನೇ ಕಣ್ಣಾರೆ ನೋಡಿದೀನಿ" ಎಂದಳು. ಮುಂಬಾಗಿಲ ಕಡೆ ಭಾವನ ಸೈಕಲ್ಲಿನ ಗಂಟೆ ಕೇಳಿಸಿತು. ಅಕ್ಕ ಮೊರವನ್ನು ನನ್ನ ಮಡಿಲಿಗಿಟ್ಟು, ಸೆರಗು ಸರಿಮಾಡಿಕೊಂಡು, ಬಾಗಿಲು ತೆಗೆಯಲು ಎದ್ದು ಹೋದಳು.